ಕೇಕಿಗೆ ಹಾಕಿದ ರಮ್ ಎಲ್ಲಿ ಹೋಗುತ್ತದೆ?

ಡಿಸೆಂಬರ್ ತಿಂಗಳು ಬಂತೆಂದರೆ ಬೇಕರಿಗಳ ಗಾಜಿನ ಕಪಾಟುಗಳಲ್ಲಿ ಕಪ್ಪು ಬಣ್ಣದ ಪ್ಲಮ್ ಕೇಕುಗಳು ಸಾಲಾಗಿ ಕೂತುಬಿಡುತ್ತವೆ. ಹಿಂದೆ ಕ್ರೈಸ್ತ ಬಾಂಧವರ ಮನೆಯಿಂದ ತಟ್ಟೆಯಲ್ಲಿ ಬರುತ್ತಿದ್ದ ಈ ಕೇಕನ್ನು ಈಗ ಎಲ್ಲ ಮತದವರೂ ಮನೆಯಲ್ಲೇ ಮಾಡುವ ಉತ್ಸಾಹ ತೋರಿಸುತ್ತಿದ್ದಾರೆ. ಒಳ್ಳೆಯದೇ. ಆದರೆ ಮಾಡುವ ವಿಧಾನ ಕೇಳಿದಾಗ ಎಲ್ಲರೂ ಒಂದು ಕಡೆ ಮಾತ್ರ ಸ್ವರ ತಗ್ಗಿಸುತ್ತಾರೆ. “ಹಣ್ಣು ನೆನೆಹಾಕೋದಕ್ಕೆ ಸ್ವಲ್ಪ ರಮ್ ಬೇಕು ಕಣ್ರೀ...”

ಹಿಂದೆಯೇ ಸಮಾಧಾನದ ಮಾತೂ ಬರುತ್ತದೆ. “ಏನೂ ಆಗೋಲ್ಲ ಬಿಡಿ. ಓವನ್ನಿನ ಬಿಸಿಗೆ ಎಲ್ಲಾ ಆವಿಯಾಗಿ ಹೋಗತ್ತೆ. ಬರೀ ಪರಿಮಳ ಉಳಿಯತ್ತೆ. ಮಕ್ಕಳಿಗೂ ಕೊಡಬಹುದು.”

ಈ ಮಾತು ಬಾಯಿಂದ ಬಾಯಿಗೆ ಹರಡಿ ವೇದವಾಕ್ಯದಂತೆ ಆಗಿಬಿಟ್ಟಿದೆ. ಆದರೆ ಇದು ಪೂರ್ತಿ ನಿಜವಲ್ಲ. ಹಾಗಂತ ರಮ್ ಹಾಕಿದ ಕೇಕ್ ಮಾಡಲೇಬೇಡಿ ಎಂದು ಹೇಳುವುದಕ್ಕೆ ನಾನು ಲೇಖನಿ ಹಿಡಿದಿಲ್ಲ. ಮಾಡುವ ವಿಧಾನವನ್ನೂ ಮುಂದೆ ಕೊಟ್ಟಿದ್ದೇನೆ. ರಮ್ ಬೇಡದವರಿಗೆ ಕಿತ್ತಳೆ ರಸದ ಕೇಕೂ ಇದೆ. ಆದರೆ ನಾವು ಕೈಯಾರೆ ಮಾಡಿ ಬೇರೆಯವರ ಬಾಯಿಗೆ ಕೊಡುವ ತಿಂಡಿಯಲ್ಲಿ ಏನಿದೆ, ಎಷ್ಟಿದೆ ಎನ್ನುವುದು ನಮಗೆ ಗೊತ್ತಿರಬೇಕು ತಾನೇ?

ಪ್ಲಮ್ ಇಲ್ಲದ ಪ್ಲಮ್ ಕೇಕ್

ಮೊದಲು ಈ ಕೇಕಿನ ಹುಟ್ಟು ಸ್ವಲ್ಪ ತಿಳಿಯೋಣ. ಹೆಸರು ಪ್ಲಮ್ ಕೇಕ್ ಆದರೂ ಇದರಲ್ಲಿ ಪ್ಲಮ್ ಹಣ್ಣು ಇರಲೇಬೇಕೆಂದಿಲ್ಲ. ಇಂಗ್ಲೆಂಡಿನಲ್ಲಿ ಹಿಂದಿನ ಕಾಲದವರು ಒಣದ್ರಾಕ್ಷಿಯನ್ನೇ ಪ್ಲಮ್ ಎನ್ನುತ್ತಿದ್ದರು. ಆ ಹೆಸರೇ ಉಳಿದುಕೊಂಡಿತು. ಅಲ್ಲಿಯ ಚಳಿಗಾಲದಲ್ಲಿ ತಾಜಾ ಹಣ್ಣು ಸಿಗುವುದು ಕಷ್ಟ. ಒಣಹಣ್ಣು, ಬೆಣ್ಣೆ, ಸಕ್ಕರೆ, ಸಾಂಬಾರ ಪದಾರ್ಥ ಸೇರಿಸಿ ಮಾಡಿ, ಬ್ರಾಂದಿ ಹಾಕಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ನಮ್ಮಲ್ಲಿ ಉಪ್ಪಿನಕಾಯಿಗೆ ಉಪ್ಪು, ಎಣ್ಣೆ ಹೇಗೋ ಅವರ ಕೇಕಿಗೆ ಬ್ರಾಂದಿ ಹಾಗೆ. ಶೋಕಿಗಾಗಿ ಅಲ್ಲ, ಕೆಡದಿರಲಿ ಎನ್ನುವುದಕ್ಕೆ.

ಇಂಗ್ಲಿಷರು ಕಬ್ಬು ಬೆಳೆಸಿದ ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಬ್ರಾಂದಿಯ ಜಾಗಕ್ಕೆ ರಮ್ ಬಂತು. ಅಲ್ಲಿಯ ಜಮೈಕಾ ಮುಂತಾದ ಕಡೆ ಇಂದಿಗೂ ಹಣ್ಣನ್ನು ರಮ್ಮಿನಲ್ಲಿ ತಿಂಗಳುಗಟ್ಟಲೆ ನೆನೆಹಾಕಿ ‘ಬ್ಲ್ಯಾಕ್ ಕೇಕ್’ ಮಾಡುತ್ತಾರೆ. ಕಬ್ಬಿನ ರಸದಿಂದ ಸಕ್ಕರೆ ತೆಗೆದ ಮೇಲೆ ಕಾರ್ಖಾನೆಯಲ್ಲಿ ಕಪ್ಪಗೆ ಅಂಟಂಟಾಗಿ ಉಳಿಯುತ್ತದಲ್ಲ, ಕಾಕಂಬಿ, ಅದನ್ನು ಹುಳಿಬರಿಸಿ ಬಟ್ಟಿ ಇಳಿಸಿದರೆ ರಮ್. ಅದಕ್ಕೇ ಅದರಲ್ಲಿ ಸುಟ್ಟ ಬೆಲ್ಲದಂಥ ಒಂದು ವಾಸನೆ.

ನಮ್ಮ ದೇಶದಲ್ಲಿ ಕ್ರಿಸ್ಮಸ್ ಕೇಕಿನ ಕಥೆ ಹೇಳುವಾಗ ಎಲ್ಲರೂ ನೆನೆಯುವ ಊರು ಕೇರಳದ ತಲಶ್ಶೇರಿ. 1883ರಲ್ಲಿ ಅಲ್ಲಿ ಬಿಸ್ಕತ್ತಿನ ಕಾರ್ಖಾನೆ ನಡೆಸುತ್ತಿದ್ದ ಮಾಂಬಳ್ಳಿ ಬಾಪು ಎನ್ನುವವರಿಗೆ, ದಾಲ್ಚಿನ್ನಿ ತೋಟದ ಒಡೆಯ ಮರ್ಡಾಕ್ ಬ್ರೌನ್ ಎಂಬ ದೊರೆ ಇಂಗ್ಲೆಂಡಿನಿಂದ ಬಂದ ಕೇಕೊಂದನ್ನು ತಿನ್ನಿಸಿ ಇಂಥದ್ದೇ ಮಾಡಿಕೊಡು ಅಂದನಂತೆ. ಫ್ರೆಂಚರ ಕೈಯಲ್ಲಿದ್ದ ಪಕ್ಕದ ಮಾಹೆಯಿಂದ ಬ್ರಾಂದಿ ತರಿಸಿ ಹಾಕು ಎಂದೂ ಹೇಳಿದನಂತೆ. ಬಾಪು ಮಾತ್ರ ಗೇರುಹಣ್ಣು, ಬಾಳೆಹಣ್ಣುಗಳಿಂದ ಇಳಿಸಿದ ಊರ ಮದ್ಯವನ್ನೇ ಹಾಕಿ ಕೇಕ್ ಮಾಡಿಕೊಟ್ಟರು, ದೊರೆ ಮೆಚ್ಚಿಕೊಂಡ ಎಂದು ಆ ಮನೆತನದವರು ಹೇಳುತ್ತಾರೆ. ನೋಡಿ, ಕೈಗೆ ಸಿಕ್ಕಿದ್ದರಲ್ಲಿ ರುಚಿಯಾಗಿ ಮಾಡುವ ಜಾಣತನ ಎಲ್ಲ ಕಾಲದ ಅಡುಗೆಯವರಲ್ಲೂ ಇತ್ತು.

ನಮ್ಮ ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್ ಸಮಯಕ್ಕೆ ‘ಕುಸ್ವಾರ್’ ಎಂದು ಬಗೆಬಗೆಯ ತಿಂಡಿ ಮಾಡಿ ನೆರೆಹೊರೆಗೆ ಹಂಚುವ ಪದ್ಧತಿಯಿದೆ. ಕರ್ಜಿಕಾಯಿಯಂಥ ನೆವ್ರಿ, ಸಕ್ಕರೆಪಾಕದ ಕಿಡಿಯೊ ಇವುಗಳ ಜತೆಗೆ ಕೇಕಿನ ತುಂಡೂ ಇರುತ್ತದೆ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಆಂಗ್ಲೋ ಇಂಡಿಯನ್ ಮನೆಗಳಿಂದ ಈ ಕೇಕ್ ಊರಿಗೆಲ್ಲ ಪರಿಚಯವಾಯಿತು. ಈಗ ದೊಡ್ಡ ಹೋಟೆಲುಗಳಲ್ಲಿ ಅಕ್ಟೋಬರ್, ನವೆಂಬರ್ ಹೊತ್ತಿಗೇ ರಾಶಿ ಒಣಹಣ್ಣಿನ ಮೇಲೆ ಬಾಟಲಿಗಟ್ಟಲೆ ರಮ್, ವೈನ್ ಸುರಿದು ಕೈಯಲ್ಲಿ ಕಲೆಸುವುದೇ ಒಂದು ಸಮಾರಂಭವಾಗಿದೆ.

ರಮ್ ಮಾಡುವ ಕೆಲಸವೇನು?

ನಮ್ಮ ಬೀದಿಯಲ್ಲಿ ಮಂಗಳೂರು ಕಡೆಯ ಹಿರಿಯರೊಬ್ಬರಿದ್ದಾರೆ. ನಾವೆಲ್ಲ ‘ಆಂಟಿ’ ಅಂತಲೇ ಕರೆಯುವುದು. ನಾನು ಈ ಕೇಕ್ ಕಲಿತದ್ದು ಅವರ ಅಡುಗೆಮನೆಯಲ್ಲಿ. “ರಮ್ ಯಾಕೆ ಹಾಕಬೇಕು ಆಂಟಿ, ನೀರು ಹಾಕಿದರೆ ಆಗೋಲ್ಲವೇ?” ಎಂದು ಕೇಳಿದ್ದಕ್ಕೆ ಅವರು ಎರಡು ಬಟ್ಟಲಿನಲ್ಲಿ ದ್ರಾಕ್ಷಿ ನೆನೆಹಾಕಿ ತೋರಿಸಿದರು. ಒಂದಕ್ಕೆ ನೀರು, ಇನ್ನೊಂದಕ್ಕೆ ರಮ್. ಮೂರನೆಯ ದಿನಕ್ಕೆ ನೀರಿನದು ನೊರೆ ಬಂದು ಹುಳಿನಾತ ಹೊಡೆಯಿತು. ರಮ್ಮಿನದು ಹಾಗೇ ಇತ್ತು, ಉಬ್ಬಿಕೊಂಡು ಹೊಳೆಯುತ್ತಿತ್ತು.

ರಮ್ಮಿನಿಂದ ಮೂರು ಪ್ರಯೋಜನ. ಒಂದು, ಹಣ್ಣು ಕೆಡದೆ ನೆನೆಯುತ್ತದೆ. ಬೂಷ್ಟು ಹಿಡಿಸುವ, ಹುಳಿಬರಿಸುವ ಸೂಕ್ಷ್ಮಜೀವಿಗಳು ಅಷ್ಟು ಮದ್ಯಸಾರದಲ್ಲಿ ಬೆಳೆಯಲಾರವು. ಎರಡು, ಚಕ್ಕೆ, ಲವಂಗ, ಕಿತ್ತಳೆ ಸಿಪ್ಪೆ ಇವುಗಳಲ್ಲಿರುವ ಪರಿಮಳದ ಎಣ್ಣೆ ನೀರಿನಲ್ಲಿ ಚೆನ್ನಾಗಿ ಕರಗುವುದಿಲ್ಲ, ಮದ್ಯಸಾರದಲ್ಲಿ ಕರಗುತ್ತದೆ. ಹೀಗಾಗಿ ಪರಿಮಳ ಇಡೀ ಕೇಕಿಗೆ ಹರಡುತ್ತದೆ. ಮೂರು, ಮೊದಲೇ ನೆನೆದ ಹಣ್ಣು ಹಿಟ್ಟಿನ ತೇವವನ್ನು ಹೀರುವುದಿಲ್ಲ. ಆದ್ದರಿಂದ ಕೇಕ್ ಒಣಗದೆ ಮೆತ್ತಗಿರುತ್ತದೆ. ಈ ಮೂರನೆಯ ಕೆಲಸವನ್ನು ಹಣ್ಣಿನ ರಸವೂ ಮಾಡುತ್ತದೆ. ಎರಡನೆಯದನ್ನು ಬೆಣ್ಣೆ ಸಾಕಷ್ಟು ಮಟ್ಟಿಗೆ ಮಾಡುತ್ತದೆ. ತಿಂಗಳುಗಟ್ಟಲೆ ಕೆಡದಿರುವುದೊಂದಕ್ಕೆ ಮಾತ್ರ ರಮ್ಮಿಗೆ ಸಾಟಿಯಿಲ್ಲ. ವಾರದೊಳಗೆ ತಿಂದು ಮುಗಿಸುವ ಮನೆಗೆ ಅದರ ಅಗತ್ಯವೆಷ್ಟು? ನೀವೇ ಯೋಚಿಸಿ.

ಆವಿಯಾಗುವುದೆಷ್ಟು, ಉಳಿಯುವುದೆಷ್ಟು?

ಈಗ ಮುಖ್ಯ ವಿಷಯಕ್ಕೆ ಬರೋಣ. ಮದ್ಯಸಾರ ಕುದಿಯುವುದು 78 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನೀರು ಕುದಿಯುವುದು 100 ಡಿಗ್ರಿಯಲ್ಲಿ. ಓವನ್ನಿನ ಶಾಖ 150 ಡಿಗ್ರಿ. ಹಾಗಾದರೆ ಮದ್ಯಸಾರವೆಲ್ಲ ಮೊದಲೇ ಹಾರಿಹೋಗಬೇಕಲ್ಲ ಎಂದು ತೋರುವುದು ಸಹಜ. ಆದರೆ ಓವನ್ 150 ಡಿಗ್ರಿ ಇದ್ದರೂ ಕೇಕಿನ ಒಡಲು 100 ಡಿಗ್ರಿಯ ಒಳಗೇ ಇರುತ್ತದೆ. ಮದ್ಯಸಾರವೂ ನೀರೂ ಒಂದರೊಳಗೊಂದು ಬೆರೆತು ಜತೆಜತೆಯಾಗಿ ಆವಿಯಾಗುತ್ತವೆ. ಒಂದು ಪೂರ್ತಿ ಹೋದ ಮೇಲೆ ಇನ್ನೊಂದು ಎಂಬ ಸರದಿ ಇಲ್ಲ. ಕೇಕಿನಲ್ಲಿ ತೇವ ಉಳಿದಿರುವ ತನಕ ಅದರ ಜತೆ ಸ್ವಲ್ಪ ಮದ್ಯಸಾರವೂ ಉಳಿದಿರುತ್ತದೆ. ಅದರಲ್ಲೂ ದ್ರಾಕ್ಷಿಯ ಹೊಟ್ಟೆಯೊಳಗೆ ಹೊಕ್ಕದ್ದು ಸುಲಭವಾಗಿ ಹೊರಗೆ ಬರುವುದಿಲ್ಲ.

1992ರಲ್ಲಿ ಅಮೆರಿಕದ ಆಹಾರ ವಿಜ್ಞಾನಿಗಳು ಮದ್ಯ ಹಾಕಿದ ಬೇರೆ ಬೇರೆ ಅಡುಗೆಗಳನ್ನು ಪರೀಕ್ಷೆ ಮಾಡಿದರು. ಹಾಕಿದ ಮದ್ಯಸಾರದಲ್ಲಿ ಅಡುಗೆಯ ರೀತಿಗೆ ತಕ್ಕಂತೆ ಶೇಕಡ 4ರಿಂದ 85ರವರೆಗೂ ಉಳಿದಿತ್ತು! ಅಲ್ಲಿಯ ಸರ್ಕಾರದ ಕೃಷಿ ಇಲಾಖೆಯ ಪಟ್ಟಿಯಂತೆ ಅಡುಗೆಯಲ್ಲಿ ಬೆರೆಸಿ ಬೇಯಿಸಿದಾಗ ಉಳಿಯುವ ಪ್ರಮಾಣ ಹೀಗಿದೆ:

15 ನಿಮಿಷ ಬೇಯಿಸಿದರೆ — ಶೇಕಡ 40
ಅರ್ಧ ಗಂಟೆಗೆ — ಶೇಕಡ 35
1 ಗಂಟೆಗೆ — ಶೇಕಡ 25
ಒಂದೂವರೆ ಗಂಟೆಗೆ — ಶೇಕಡ 20
2 ಗಂಟೆಗೆ — ಶೇಕಡ 10
ಎರಡೂವರೆ ಗಂಟೆಗೆ — ಶೇಕಡ 5

ಬೆಂಕಿ ಹಚ್ಚಿ ಭಗ್ಗನೆ ಉರಿಸಿ ತೋರಿಸುತ್ತಾರಲ್ಲ, ಆಗಲೂ ಶೇಕಡ 75ರಷ್ಟು ಉಳಿದಿರುತ್ತದೆ. ಉರಿ ಕಣ್ಣಿಗೆ ಹಬ್ಬ, ಅಷ್ಟೇ. ಪಾತ್ರೆ ಅಗಲವಿದ್ದರೆ ಹೆಚ್ಚು ಆವಿಯಾಗುತ್ತದೆ, ಕಿರಿದಾಗಿ ಆಳವಾಗಿದ್ದರೆ ಕಡಿಮೆ. ಆದ್ದರಿಂದ ಈ ಅಂಕಿಗಳನ್ನು ಒಂದು ಅಂದಾಜಿಗೆ ಇಟ್ಟುಕೊಳ್ಳಿ. ಅರ್ಧ ಗಂಟೆಯಲ್ಲಿ ಬೇಯುವ ಕಪ್ ಕೇಕಿಗೂ ಎರಡು ಗಂಟೆ ಬೇಯುವ ದೊಡ್ಡ ಕೇಕಿಗೂ ಎಷ್ಟು ವ್ಯತ್ಯಾಸ ನೋಡಿದಿರಲ್ಲ?

ನಮ್ಮ ಕೇಕಿನ ಲೆಕ್ಕ

ಮುಂದೆ ಕೊಟ್ಟಿರುವ ಕೇಕಿಗೆ 150 ಮಿ.ಲೀ. ರಮ್ ಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ರಮ್ಮಿನಲ್ಲಿ ಮದ್ಯಸಾರ ಶೇಕಡ 42.8. ಅಂದರೆ 150 ಮಿ.ಲೀ.ನಲ್ಲಿ ಸುಮಾರು 64 ಮಿ.ಲೀ. ಶುದ್ಧ ಮದ್ಯಸಾರ. ಎರಡು ಗಂಟೆ ಬೆಂದರೆ ಹತ್ತರಲ್ಲಿ ಒಂದು ಪಾಲು, ಅಂದರೆ ಆರು ಆರೂವರೆ ಮಿ.ಲೀ. ಉಳಿಯಿತು ಎನ್ನಿ. ಕೇಕನ್ನು 24 ತುಂಡು ಮಾಡಿದರೆ ಒಂದು ತುಂಡಿಗೆ ಕಾಲು ಮಿ.ಲೀ. ಬಲು ಕಡಿಮೆ.

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಕೇಕ್ ಬೆಂದ ಮೇಲೆ ಕಡ್ಡಿಯಿಂದ ತೂತು ಮಾಡಿ ವಾರಕ್ಕೊಮ್ಮೆ ಎರಡು ದೊಡ್ಡ ಚಮಚ ರಮ್ ‘ಕುಡಿಸುವ’ ಪದ್ಧತಿಯಿದೆ. ಈ ರಮ್ ಒಲೆಯನ್ನೇ ನೋಡುವುದಿಲ್ಲ! ನಾಲ್ಕು ವಾರ ಕುಡಿಸಿದರೆ 120 ಮಿ.ಲೀ. ರಮ್, ಅಂದರೆ 51 ಮಿ.ಲೀ. ಮದ್ಯಸಾರ. ಸ್ವಲ್ಪ ಗಾಳಿಗೆ ಆರುತ್ತದೆ, ಉಳಿದದ್ದು ಕೇಕಿನಲ್ಲೇ. ಈಗ ಒಂದು ತುಂಡಿನಲ್ಲಿ ಹೆಚ್ಚೆಂದರೆ ಎರಡು ಎರಡೂವರೆ ಮಿ.ಲೀ. ಇರಬಹುದು. ಗಂಡಸರು 30 ಮಿ.ಲೀ.ನ ಒಂದು ಪೆಗ್ ಅನ್ನುತ್ತಾರಲ್ಲ, ಅದರಲ್ಲಿ ಸುಮಾರು 13 ಮಿ.ಲೀ. ಮದ್ಯಸಾರ. ಅಂದರೆ ಚೆನ್ನಾಗಿ ಕುಡಿಸಿದ ಕೇಕಿನ ಐದಾರು ತುಂಡು ಒಂದು ಪೆಗ್ಗಿಗೆ ಸಮ. ಕುಡಿಸದ ಕೇಕಾದರೆ ಸುಮಾರು ಐವತ್ತು ತುಂಡು ಬೇಕು. “ರಮ್ ಕೇಕ್” ಎಂಬ ಒಂದೇ ಹೆಸರಿನಡಿ ಇಷ್ಟು ಅಂತರ!

ಒಲೆಗೇ ಇಡದ ತಿಂಡಿಗಳಲ್ಲಂತೂ ಹೆಚ್ಚುಕಡಿಮೆ ಹಾಕಿದ್ದೆಲ್ಲ ಉಳಿಯುತ್ತದೆ. ಕೇಕಿನ ಪುಡಿಯನ್ನು ರಮ್ಮಿನಲ್ಲಿ ಕಲೆಸಿ ಉಂಡೆ ಕಟ್ಟುವ ರಮ್ ಬಾಲ್, ಪಾನಕದಲ್ಲಿ ಅದ್ದಿ ತೆಗೆಯುವ ಬಾಬಾ, ಕಾಫಿ ಡಿಕಾಕ್ಷನ್ನಿನ ಜತೆ ಮದ್ಯ ಬೆರೆಸಿ ಮಾಡುವ ಇಟಲಿಯ ತಿರಾಮಿಸು, ಇವೆಲ್ಲ ಆ ಗುಂಪಿನವು. ಬ್ಲ್ಯಾಕ್ ಫಾರೆಸ್ಟ್ ಕೇಕೂ ಮೂಲದಲ್ಲಿ ಇದೇ ಗುಂಪಿನದು. ಜರ್ಮನಿಯಲ್ಲಿ ಅದಕ್ಕೆ ಚೆರಿಹಣ್ಣಿನಿಂದ ಇಳಿಸಿದ ‘ಕಿರ್ಶ್’ ಎಂಬ ಮದ್ಯ ಹಾಕುತ್ತಾರೆ. ನಮ್ಮೂರ ಬೇಕರಿಗಳಲ್ಲಿ ಹುಟ್ಟುಹಬ್ಬಕ್ಕೆ ಮಾರುವುದರಲ್ಲಿ ಸಾಮಾನ್ಯವಾಗಿ ಬರೀ ಸಕ್ಕರೆಪಾಕ ಇರುತ್ತದೆ. ಸಂಶಯವಿದ್ದರೆ ಕೇಳಿಯೇ ಕೊಳ್ಳಿ. ಕೇಳುವುದರಲ್ಲಿ ನಾಚಿಕೆಯೇನು?

ಒಂದು ತುಂಡು, ಹನ್ನೊಂದು ತಿಂಗಳು

“ಕಾಲು ಮಿ.ಲೀ.ಗೆ ಯಾಕಮ್ಮ ಇಷ್ಟು ಪುರಾಣ?” ಎಂದು ನೀವು ಕೇಳಬಹುದು. ಆರೋಗ್ಯವಾಗಿರುವ ದೊಡ್ಡವರಿಗೆ ಒಂದು ತುಂಡಿನಿಂದ ಏನೂ ಆಗದು, ನಿಜ. ಆದರೆ ಎಲ್ಲರ ಮನೆಯೂ ಒಂದೇ ಥರ ಇರುವುದಿಲ್ಲವಲ್ಲ.

ನಮ್ಮ ಹತ್ತಿರದ ಬಂಧುಗಳೊಬ್ಬರು ಬಹಳ ವರ್ಷ ಕುಡಿತಕ್ಕೆ ಸಿಕ್ಕಿ, ಆಸ್ಪತ್ರೆ ಸೇರಿ, ಕಷ್ಟಪಟ್ಟು ಬಿಟ್ಟಿದ್ದರು. ಒಂದು ಮನೆಯಲ್ಲಿ ಸಂತೋಷಕೂಟ. ತಟ್ಟೆಯಲ್ಲಿ ಕೇಕ್ ಬಂತು. ಬಾಯಿಯ ಹತ್ತಿರ ಒಯ್ದವರು ವಾಸನೆಗೆ ಹಾಗೇ ನಿಂತುಬಿಟ್ಟರು. ಮನೆಯಾಕೆ ನಕ್ಕು, “ಅಯ್ಯೋ ತಿನ್ನಿ ಭಾವ, ಅದೆಲ್ಲ ಬೇಯುವಾಗಲೇ ಹೋಗಿರತ್ತೆ” ಅಂದರು. ಅವರು ಮಾತಾಡದೆ ತಟ್ಟೆ ಕೆಳಗಿಟ್ಟು ಹೊರಗೆ ಹೋದರು. ನಾಲ್ಕು ಜನರ ಎದುರು ಮುಖ ಕೆಂಪಗಾದದ್ದು ಅವರ ಹೆಂಡತಿಗೆ. ಆಮೇಲೆ ಆಕೆ ನನ್ನ ಹತ್ತಿರ ಹೇಳಿದರು: “ಒಂದು ತುಂಡು ಕೇಕಿಗೆ ಯಾಕಿಷ್ಟು ರಂಪ ಅಂತ ಅವರಿಗೆ ಅನ್ನಿಸಿರಬಹುದು. ಹನ್ನೊಂದು ತಿಂಗಳು ನಾನು ಒಂದೊಂದು ದಿನ ಎಣಿಸಿದ್ದು ಅವರಿಗೇನು ಗೊತ್ತು?”

ಕುಡಿತ ಬಿಡುವವರಿಗೆ ಕೆಲವೊಮ್ಮೆ ವೈದ್ಯರು ಡೈಸಲ್ಫಿರಾಮ್ ಎಂಬ ಮಾತ್ರೆ ಕೊಡುತ್ತಾರೆ. ಅದನ್ನು ತೆಗೆದುಕೊಳ್ಳುವಾಗ ಸ್ವಲ್ಪ ಮದ್ಯಸಾರ ಒಳಗೆ ಹೋದರೂ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ತಲೆನೋವು, ವಾಂತಿ ಬರಬಹುದು. ಕೆಲವರಿಗೆ ಅಪಾಯವೂ ಆಗಬಹುದು. ಆದ್ದರಿಂದಲೇ ಮದ್ಯ ಬೆರೆತ ತಿಂಡಿಯನ್ನೂ ಮುಟ್ಟಬಾರದೆಂದು ವೈದ್ಯರು ಎಚ್ಚರಿಸುತ್ತಾರೆ. ಮಾತ್ರೆ ಇಲ್ಲದವರಿಗೂ ಆ ವಾಸನೆ, ಆ ರುಚಿ ಹಳೆಯ ಚಾಳಿಯನ್ನು ಕೆಣಕಬಹುದು. ಮದ್ಯ ಬಿಟ್ಟವರು “ನನಗೆ ಬೇಡ” ಎಂದರೆ ಒತ್ತಾಯ ಮಾಡಬೇಡಿ. ಯಾಕೆ ಎಂದು ಕೇಳಬೇಡಿ. ಬೇರೆ ತಿಂಡಿ ತಂದಿಡಿ.

ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ಮಾರಾಟ ನಿಂತಿತು. 2019ರ ಜನವರಿಯಲ್ಲಿ ಹಳ್ಳಿಹಳ್ಳಿಯ ಹೆಂಗಸರು ಪೂರ್ತಿ ಮದ್ಯನಿಷೇಧ ಬೇಕೆಂದು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸುಮಾರು 200 ಕಿಲೋಮೀಟರ್ ನಡೆದುಕೊಂಡೇ ಬಂದರು. ಯಾವ ಮನೆಯ ಗೃಹಿಣಿಗೆ ಬಾಟಲಿಯ ಹೆಸರು ಕೇಳಿದರೆ ಕರುಳು ಹಿಂಡುತ್ತದೋ ಹೊರಗಿನಿಂದ ಕಾಣುವುದಿಲ್ಲ. ನಮಗೆ ಪರಿಮಳವಾದದ್ದು ಇನ್ನೊಬ್ಬಳಿಗೆ ಕಣ್ಣೀರಿನ ನೆನಪಾಗಿರಬಹುದು.

ಇವರಿಗೆ ಕೊಡಬೇಡಿ

ಮಕ್ಕಳಿಗೆ ರಮ್ ಹಾಕಿದ ಕೇಕ್ ಬೇಡ. ಅವರ ಮೈತೂಕ ಕಡಿಮೆ, ಸ್ವಲ್ಪವೂ ಅವರಿಗೆ ಹೆಚ್ಚೇ. ಆ ರುಚಿಯ ಅಭ್ಯಾಸವೂ ಬೇಡ.

ಬಸುರಿಯರಿಗೆ ಬೇಡ. ಗರ್ಭಿಣಿಯರಿಗೆ ಇಷ್ಟು ಮದ್ಯಸಾರ ಅಪಾಯವಿಲ್ಲ ಎನ್ನುವ ಅಳತೆಯೇ ಇಲ್ಲವೆಂದು ವೈದ್ಯರ ಅಭಿಪ್ರಾಯ.

ಹೊಟ್ಟೆ ಕೆಟ್ಟಾಗ, ಹಲ್ಲಿನ ಸೋಂಕಿಗೆ ಕೊಡುವ ಮೆಟ್ರೊನಿಡಜೋಲ್ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಬೇಡ. ಮಾತ್ರೆ ಮುಗಿದು ಮೂರು ದಿನವಾದರೂ ಕಳೆಯಲಿ. ಪಿತ್ತಕೋಶದ ಕಾಯಿಲೆ ಇರುವವರೂ ದೂರವಿರಲಿ.

ಧರ್ಮ, ವ್ರತದ ಕಾರಣಕ್ಕೆ ಬಿಟ್ಟವರ ವಿಷಯ ಹೇಳಲೇಬೇಕಾಗಿಲ್ಲ. ಮುಸಲ್ಮಾನ ಗೆಳತಿಯರಿಗೆ ಒಂದು ಹನಿಯೂ ನಿಷಿದ್ಧ. ಕ್ರಿಸ್ಮಸ್ ಕಾಲವೇ ಅಯ್ಯಪ್ಪ ಮಾಲೆಯ ಕಾಲವೂ ಹೌದು. ಪಕ್ಕದ ಮನೆಯ ಹುಡುಗ ಮಾಲೆ ಹಾಕಿರುತ್ತಾನೆ, ನಾವು ಸಂತೋಷದಿಂದ ಕೇಕ್ ಕಳಿಸುತ್ತೇವೆ. ಮೊಟ್ಟೆ, ರಮ್ ಎರಡೂ ಅದರಲ್ಲಿದ್ದರೆ ಅವನ ವ್ರತದ ಗತಿಯೇನು? ಬೆಂದರೂ ಬೇಯದಿದ್ದರೂ, ಉಳಿದರೂ ಉಳಿಯದಿದ್ದರೂ, ಬೇಡವೆಂದವರಿಗೆ ಹೇಳದೆ ತಿನ್ನಿಸುವುದು ತಪ್ಪೇ.

ಆಂಟಿ ಪ್ರತಿ ವರ್ಷ ಎರಡು ಬಗೆಯ ಕೇಕ್ ಮಾಡುತ್ತಾರೆ. ರಮ್ ಇರುವ ಡಬ್ಬಿಗೆ ಕೆಂಪು ದಾರ, ಇಲ್ಲದ್ದಕ್ಕೆ ಬಿಳಿ ದಾರ. ನಮ್ಮ ಬೀದಿಯ ಮಕ್ಕಳಿಗೂ ಈ ಗುರುತು ಗೊತ್ತು. “ಕೆಂಪು ದಾರ ನಮ್ಮದಲ್ಲ” ಅಂತ ಅವೇ ಹೇಳುತ್ತವೆ. ಆ ಎರಡು ಕೇಕುಗಳನ್ನೂ ಇಲ್ಲಿ ಬರೆದಿದ್ದೇನೆ.

ಕೆಂಪು ದಾರದ ಕೇಕ್

ನೆನೆಸಲು: ಕಪ್ಪು ಒಣದ್ರಾಕ್ಷಿ 200 ಗ್ರಾಂ, ಸಾದಾ ಒಣದ್ರಾಕ್ಷಿ 150 ಗ್ರಾಂ, ಬೀಜ ತೆಗೆದ ಖರ್ಜೂರ 100 ಗ್ರಾಂ, ಟೂಟಿ ಫ್ರೂಟಿ ಅಥವಾ ಸಕ್ಕರೆಯಲ್ಲಿ ಬೇಯಿಸಿದ ಕಿತ್ತಳೆ ಸಿಪ್ಪೆ 50 ಗ್ರಾಂ, ಶುಂಠಿ ಮುರಬ್ಬ 25 ಗ್ರಾಂ, ರಮ್ 150 ಮಿ.ಲೀ.

ಕೇಕಿಗೆ: ಮೈದಾ 200 ಗ್ರಾಂ, ಉಪ್ಪಿಲ್ಲದ ಬೆಣ್ಣೆ 200 ಗ್ರಾಂ, ಪುಡಿ ಮಾಡಿದ ಸಕ್ಕರೆ 150 ಗ್ರಾಂ, ಮೊಟ್ಟೆ 4, ಗೋಡಂಬಿ ಚೂರು 75 ಗ್ರಾಂ, ಬೇಕಿಂಗ್ ಪೌಡರ್ 1 ಸಣ್ಣ ಚಮಚ, ಚಕ್ಕೆ, ಲವಂಗ, ಜಾಕಾಯಿ ಸೇರಿದ ಪುಡಿ ಒಂದೂವರೆ ಸಣ್ಣ ಚಮಚ, ಒಂದು ಕಿತ್ತಳೆಯ ಸಿಪ್ಪೆಯ ತುರಿ, ಚಿಟಿಕೆ ಉಪ್ಪು. ಬಣ್ಣಕ್ಕೆ ಸುಡಲು ಬೇರೆಯಾಗಿ ಸಕ್ಕರೆ 75 ಗ್ರಾಂ.

ಹಣ್ಣುಗಳನ್ನು ತೊಳೆದು, ಬಟ್ಟೆಯ ಮೇಲೆ ಹರಡಿ ನೀರಿನ ಪಸೆ ಪೂರ್ತಿ ಆರಿಸಿ. ದೊಡ್ಡದನ್ನು ಸಣ್ಣಗೆ ಹೆಚ್ಚಿ. ಉಪ್ಪಿನಕಾಯಿ ಹಾಕುವಂಥ ಪಿಂಗಾಣಿ ಜಾಡಿಗೋ ಗಾಜಿನ ಬಾಟಲಿಗೋ ತುಂಬಿ ರಮ್ ಸುರಿದು ಮುಚ್ಚಿ. ಅಲ್ಯೂಮಿನಿಯಂ ಪಾತ್ರೆ, ಪ್ಲಾಸ್ಟಿಕ್ ಡಬ್ಬಿ ಬೇಡ. ಎರಡು ದಿನಕ್ಕೊಮ್ಮೆ ಜಾಡಿಯನ್ನು ಕುಲುಕಿ. ಒಂದು ವಾರವಾದರೂ ನೆನೆಯಲಿ. ತಿಂಗಳಾದರೆ ಇನ್ನೂ ರುಚಿ.

ಸಕ್ಕರೆ ಸುಡುವ ಕೆಲಸ ಮೊದಲು ಮುಗಿಸಿ. ದಪ್ಪ ತಳದ ಬಾಣಲೆಯಲ್ಲಿ 75 ಗ್ರಾಂ ಸಕ್ಕರೆಗೆ 1 ದೊಡ್ಡ ಚಮಚ ನೀರು ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ. ಹೊಂಬಣ್ಣ ದಾಟಿ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ಬಂದೊಡನೆ ಒಲೆ ಆರಿಸಿ, ಕಾಲು ಲೋಟದಷ್ಟು ಕುದಿನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ಸಿಡಿಯುತ್ತದೆ, ಮುಖ ದೂರವಿರಲಿ. ತಣಿಯಲು ಬಿಡಿ.

ಬೆಣ್ಣೆ, ಸಕ್ಕರೆ ಸೇರಿಸಿ ಬೆಳ್ಳಗೆ ಹಗುರಾಗುವ ತನಕ ಕಡೆಯಿರಿ. ಮೊಟ್ಟೆಗಳನ್ನು ಒಂದೊಂದಾಗಿ ಹಾಕುತ್ತಾ ಕಡೆಯಿರಿ. ಒಡೆದಂತೆ ಕಂಡರೆ ಒಂದು ಚಮಚ ಮೈದಾ ಉದುರಿಸಿದರೆ ಸರಿಹೋಗುತ್ತದೆ. ತಣಿದ ಸುಟ್ಟ ಸಕ್ಕರೆ ನೀರು, ಮಸಾಲೆ ಪುಡಿ, ಕಿತ್ತಳೆ ತುರಿ ಬೆರೆಸಿ. ಮೈದಾಕ್ಕೆ ಬೇಕಿಂಗ್ ಪೌಡರ್, ಉಪ್ಪು ಸೇರಿಸಿ ಎರಡು ಸಲ ಜರಡಿ ಹಿಡಿಯಿರಿ. ಇದರಲ್ಲಿ ಎರಡು ಚಮಚ ತೆಗೆದು ಹಣ್ಣು, ಗೋಡಂಬಿಗೆ ಹೊರಳಿಸಿದರೆ ಹಣ್ಣು ತಳಕ್ಕೆ ಇಳಿಯುವುದು ಕಡಿಮೆಯಾಗುತ್ತದೆ. ಉಳಿದ ಮೈದಾವನ್ನು ಮಿಶ್ರಣಕ್ಕೆ ಒಂದೇ ದಿಕ್ಕಿನಲ್ಲಿ ಹಗುರಾಗಿ ಸೇರಿಸಿ. ಕೊನೆಗೆ ಹಣ್ಣು.

8 ಅಂಗುಲದ ಟಿನ್ನಿಗೆ ಎರಡು ಪದರ ಬೆಣ್ಣೆ ಕಾಗದ ಹಾಸಿ, ಹಿಟ್ಟು ತುಂಬಿ, ನಡುವೆ ಸ್ವಲ್ಪ ಗುಳಿ ಮಾಡಿ. 150 ಡಿಗ್ರಿಯಲ್ಲಿ ಸುಮಾರು ಎರಡು ಗಂಟೆ ಬೇಯಬೇಕು. ಒಂದು ಗಂಟೆ ಮೂರು ಕಾಲಿಗೆ ಕಡ್ಡಿ ಚುಚ್ಚಿ ನೋಡಿ. ಮೇಲೆ ಬೇಗ ಕಂದಿದರೆ ಕಾಗದ ಮುಚ್ಚಿ. ಓವನ್ ಇಲ್ಲದವರು ಅರ್ಧ ಅಳತೆಯಲ್ಲಿ ಸಣ್ಣ ಟಿನ್ನಿನಲ್ಲಿ ಮಾಡಿ. ಕುಕ್ಕರಿನ ತಳಕ್ಕೆ ಒಣ ಮರಳು ಅಥವಾ ಉಪ್ಪು ಹರವಿ, ಮೇಲೆ ಒಂದು ತಟ್ಟೆಯಿಟ್ಟು, ರಬ್ಬರ್, ಸೀಟಿ ತೆಗೆದು ಹತ್ತು ನಿಮಿಷ ಕಾಯಿಸಿ, ಆಮೇಲೆ ಟಿನ್ ಇಟ್ಟು ತೀರಾ ಸಣ್ಣ ಉರಿಯಲ್ಲಿ ಒಂದು ಗಂಟೆಯಿಂದ ಒಂದೂಕಾಲು ಗಂಟೆ ಬೇಯಿಸಿ.

ಟಿನ್ನಿನಲ್ಲೇ ಪೂರ್ತಿ ತಣಿದ ಮೇಲೆ ತೆಗೆದು, ಬೆಣ್ಣೆ ಕಾಗದದಲ್ಲಿ ಸುತ್ತಿ, ಗಾಳಿಯಾಡದ ಡಬ್ಬಿಯಲ್ಲಿಡಿ. ಮೂರು ನಾಲ್ಕು ದಿನ ಕಳೆದ ಮೇಲೆ ಕತ್ತರಿಸಿದರೆ ಪುಡಿಯಾಗದೆ ಬರುತ್ತದೆ. ಕುಡಿಸುವುದಿದ್ದರೆ ತಣಿದ ಕೇಕಿಗೆ ಒಂದೇ ಸಲ 2 ದೊಡ್ಡ ಚಮಚ ಸಾಕು. ಅಂಗಡಿಯಲ್ಲಿ 180 ಮಿ.ಲೀ.ನ ಸಣ್ಣ ಬಾಟಲಿ ಸಿಗುತ್ತದೆ. ನೆನೆಸಲು 150, ಕುಡಿಸಲು 30. ಬಾಟಲಿ ಖಾಲಿ! ಕೇಕಿನ ನೆಪದಲ್ಲಿ ದೊಡ್ಡ ಬಾಟಲಿ ಮನೆಗೆ ಬಂದು ಉಳಿದದ್ದು ಕಪಾಟು ಸೇರುವ ಕಾಟವೂ ಇಲ್ಲ.

ಬಿಳಿ ದಾರದ ಕೇಕ್

ಇದಕ್ಕೆ ರಮ್ಮೂ ಇಲ್ಲ, ಮೊಟ್ಟೆಯೂ ಇಲ್ಲ. ಎಲ್ಲರಿಗೂ ಧೈರ್ಯವಾಗಿ ಕೊಡಬಹುದು.

ಬೇಕಾದದ್ದು: ಮೇಲೆ ಹೇಳಿದ ಒಣಹಣ್ಣುಗಳು ಎಲ್ಲ ಸೇರಿ 300 ಗ್ರಾಂ, ತಾಜಾ ಕಿತ್ತಳೆ ರಸ 200 ಮಿ.ಲೀ., ಮೈದಾ 225 ಗ್ರಾಂ, ಪುಡಿ ಸಕ್ಕರೆ 125 ಗ್ರಾಂ, ಹುಳಿಯಿಲ್ಲದ ಗಟ್ಟಿ ಮೊಸರು 200 ಗ್ರಾಂ, ವಾಸನೆಯಿಲ್ಲದ ಎಣ್ಣೆ ಅಥವಾ ಕರಗಿಸಿದ ಬೆಣ್ಣೆ 100 ಮಿ.ಲೀ., ಬೇಕಿಂಗ್ ಪೌಡರ್ 1 ಸಣ್ಣ ಚಮಚ, ಅಡುಗೆ ಸೋಡ ಅರ್ಧ ಸಣ್ಣ ಚಮಚ, ಮಸಾಲೆ ಪುಡಿ 1 ಸಣ್ಣ ಚಮಚ, ಕಿತ್ತಳೆ ತುರಿ, ಗೋಡಂಬಿ 50 ಗ್ರಾಂ, ಸುಡಲು ಸಕ್ಕರೆ 50 ಗ್ರಾಂ.

ಹಣ್ಣು, ಕಿತ್ತಳೆ ರಸ ಸೇರಿಸಿ ಸಣ್ಣ ಉರಿಯಲ್ಲಿ ಆರೇಳು ನಿಮಿಷ ಕುದಿಸಿ, ತಣಿಸಿ, ರಾತ್ರಿ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಹೊತ್ತಿಗೆ ರಸವನ್ನೆಲ್ಲ ಹೀರಿ ಉಬ್ಬಿರುತ್ತದೆ. ಮೇಲಿನಂತೆಯೇ ಸಕ್ಕರೆ ಸುಟ್ಟು 3 ದೊಡ್ಡ ಚಮಚ ಕುದಿನೀರು ಹಾಕಿ ತಣಿಸಿ. ಮೊಸರಿಗೆ ಸೋಡ ಬೆರೆಸಿ ಐದು ನಿಮಿಷ ಬಿಟ್ಟರೆ ನೊರೆಯೇಳುತ್ತದೆ. ಅದಕ್ಕೆ ಸಕ್ಕರೆ, ಎಣ್ಣೆ, ಸುಟ್ಟ ಸಕ್ಕರೆ ನೀರು ಸೇರಿಸಿ ಕಡೆದು, ಜರಡಿ ಹಿಡಿದ ಮೈದಾ, ಬೇಕಿಂಗ್ ಪೌಡರ್, ಮಸಾಲೆ, ತುರಿ ಬೆರೆಸಿ, ಕೊನೆಗೆ ಹಣ್ಣು, ಗೋಡಂಬಿ ಹಾಕಿ. ತಡಮಾಡದೆ 170 ಡಿಗ್ರಿಯಲ್ಲಿ 50ರಿಂದ 60 ನಿಮಿಷ ಬೇಯಿಸಿ. ಮೂರು ನಾಲ್ಕು ದಿನಕ್ಕಿಂತ ಹೆಚ್ಚು ಇಡುವುದಿದ್ದರೆ ಫ್ರಿಜ್ಜಿನಲ್ಲಿಡಿ.

ಒಂದು ಎಚ್ಚರಿಕೆ. ರಮ್ಮಿನಂತೆಯೇ ಕಿತ್ತಳೆ ರಸದಲ್ಲೂ ಹಣ್ಣನ್ನು ವಾರಗಟ್ಟಲೆ ಹೊರಗೆ ನೆನೆಹಾಕುವುದು ಬೇಡ. ಹುಳಿಬಂದು, ಬೂಷ್ಟು ಹಿಡಿದು ಕೆಡುತ್ತದೆ. ಸಕ್ಕರೆಯಿರುವ ರಸ ಹುಳಿಬಂದರೆ ಅದರಲ್ಲೇ ಮದ್ಯಸಾರ ಹುಟ್ಟುತ್ತದೆ. ಬಿಳಿ ದಾರದ ಡಬ್ಬಿ ತಾನಾಗಿಯೇ ಕೆಂಪಾದಂತೆ!

ನಾಲ್ಕು ಕಿವಿಮಾತು

ರಮ್, ಬ್ರಾಂದಿ ಬೇಗ ಹೊತ್ತಿಕೊಳ್ಳುವ ವಸ್ತು. ಉರಿಯುವ ಒಲೆಯ ಪಕ್ಕದಲ್ಲಿ ಬಾಟಲಿ ತೆರೆಯಬೇಡಿ. ಬಿಸಿ ಬಾಣಲೆಗೆ ಸುರಿಯಬೇಡಿ. ನೈಲಾನ್ ಸೀರೆಯುಟ್ಟಿದ್ದರಂತೂ ಇನ್ನಷ್ಟು ಜೋಕೆ.

ನೆನೆಸಿಟ್ಟ ಜಾಡಿಯ ಮೇಲೆ ಚೀಟಿ ಅಂಟಿಸಿ, ಮಕ್ಕಳ ಕೈಗೆ ಸಿಗದಂತೆ ಮೇಲಿಡಿ. ಸಿಹಿಯಾಗಿರುವ ಆ ದ್ರಾಕ್ಷಿ ಹಸಿಯಾಗಿದ್ದಾಗ ಅದರಲ್ಲಿರುವ ರಮ್ ಬೆಂದ ಕೇಕಿನಲ್ಲಿ ಉಳಿಯುವುದಕ್ಕಿಂತ ಎಷ್ಟೋ ಪಾಲು ಹೆಚ್ಚು.

ಎಸೆನ್ಸ್ ಬಾಟಲಿಯ ಮೇಲಿನ ಚೀಟಿ ಓದಿ. ಅಮೆರಿಕದ ನಿಯಮದಂತೆ ವೆನಿಲಾ ‘ಎಕ್ಸ್‌ಟ್ರಾಕ್ಟ್’ ಎಂದು ಮಾರುವುದರಲ್ಲಿ ಕನಿಷ್ಠ ಶೇಕಡ 35 ಮದ್ಯಸಾರ ಇರಲೇಬೇಕು. ಒಂದು ಚಮಚದಿಂದ ಬಾಧೆಯಿಲ್ಲವಾದರೂ, ಪೂರ್ತಿ ಬಿಟ್ಟವರಿಗೆ ಮಾಡುವಾಗ ಏಲಕ್ಕಿಪುಡಿಯೇ ಸಾಕು. ರಮ್ ಎಸೆನ್ಸ್ ಹಾಕಿದ ಕೇಕಿಗೂ ಗುರುತು ಹಾಕಿ. ಕುಡಿತ ಬಿಟ್ಟವರಿಗೆ ಆ ವಾಸನೆಯೇ ಕಷ್ಟ.

ತಟ್ಟೆ ಕೈಗಿಡುವಾಗ ಒಂದು ಮಾತು ಹೇಳಿ: “ಇದಕ್ಕೆ ಮೊಟ್ಟೆ ಹಾಕಿದೆ, ರಮ್ ಹಾಕಿದೆ. ಬೇಡವಾದರೆ ಅದಿದೆ ನೋಡಿ.” ಎರಡೇ ಕ್ಷಣದ ಮಾತು. ತಿನ್ನುವವರು ನಿಶ್ಚಿಂತೆಯಿಂದ ತಿನ್ನುತ್ತಾರೆ. ಬೇಡದವರು ನಾಲ್ಕು ಜನರ ಎದುರು ಕಾರಣ ಹೇಳುವ ಕಷ್ಟವಿಲ್ಲದೆ ಇನ್ನೊಂದು ತುಂಡಿಗೆ ಕೈ ಚಾಚುತ್ತಾರೆ. ಈ ವರ್ಷ ನಿಮ್ಮ ಮನೆಯ ಡಬ್ಬಿಗಳಿಗೂ ಒಂದೊಂದು ದಾರ ಕಟ್ಟಿ ನೋಡಿ.